ಮೋಲ್ಡ್ ಬಿದ್ದ ಮೇಲೆ ಮಾಲೀಕರಿಗೆ ಏನು ಹೇಳುತ್ತೀ?

ಮಗಳೇ,

ನೀನು ಸ್ವಂತವಾಗಿ ಮನೆ ಕಟ್ಟಿಕೊಡುವ ಕೆಲಸಕ್ಕೆ ಇಳಿದೆ ಎಂದು ನಿನ್ನ ಅಪ್ಪ ಹೇಳಿದಾಗಿನಿಂದ ನಿನಗೆ ನಾಲ್ಕು ಮಾತು ಬರೆಯಬೇಕು ಅನ್ನಿಸುತ್ತಿದೆ. ಕಾಂಕ್ರೀಟಿನ ಬಗ್ಗೆ ನಾನು ಬರೆಯುವುದಿಲ್ಲ. ಅದನ್ನು ನೀನು ನನಗಿಂತ ಹೊಸ ಪುಸ್ತಕಗಳಲ್ಲಿ ಓದಿದ್ದೀಯ. ಕಂಬಿಯ ಲೆಕ್ಕ, ಮಣ್ಣಿನ ಪರೀಕ್ಷೆ, ಎಸ್ಟಿಮೇಟು ಎಲ್ಲ ನಿನಗೆ ಬರುತ್ತದೆ. ಕಾಲೇಜಿನಲ್ಲಿ ಯಾರೂ ಹೇಳಿಕೊಡದ ವಿದ್ಯೆ ಒಂದಿದೆ. ಕೆಲಸ ಎಲ್ಲಿಗೆ ಬಂತು ಎನ್ನುವುದನ್ನು ಮನೆ ಕಟ್ಟಿಸುತ್ತಿರುವವರಿಗೆ ತಿಳಿಯುವ ಹಾಗೆ ಹೇಳುವ ವಿದ್ಯೆ. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ ಪರಿಚಯದವರ ಮನೆಗಳ ಮೇಲ್ವಿಚಾರಣೆ ಮಾಡಿದ ನಿನ್ನ ದೊಡ್ಡಪ್ಪ ಕಂಡುಕೊಂಡದ್ದು ಇಷ್ಟು: ಮಾಲೀಕರಿಗೂ ಕಂಟ್ರಾಕ್ಟರಿಗೂ ಬರುವ ಮನಸ್ತಾಪಗಳಲ್ಲಿ ಕಳಪೆ ಕೆಲಸದಿಂದ ಹುಟ್ಟಿದವು ಕಡಿಮೆ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಹುಟ್ಟಿದವೇ ಹೆಚ್ಚು.

ಮಾಲೀಕರು ಸೈಟಿಗೆ ಬಂದು "ಕೆಲಸ ಎಲ್ಲಿಗೆ ಬಂತಮ್ಮಾ?" ಎಂದು ಕೇಳುತ್ತಾರಲ್ಲ, ಆಗ ಅವರ ತಲೆಯಲ್ಲಿ ಏನಿರುತ್ತದೆ ಎಂದು ಯೋಚಿಸು. ಎಷ್ಟು ಕ್ಯೂಬಿಕ್ ಮೀಟರ್ ಕಾಂಕ್ರೀಟು ಬಿತ್ತು ಎಂಬುದು ಅವರಿಗೆ ಬೇಕಿಲ್ಲ. ಬಾಡಿಗೆ ಮನೆಯವರಿಗೆ ಯಾವಾಗ ನೋಟಿಸು ಕೊಡಲಿ? ಮಗುವನ್ನು ಹೊಸ ಬಡಾವಣೆಯ ಹತ್ತಿರದ ಶಾಲೆಗೆ ಈ ಜೂನಿಗೇ ಸೇರಿಸಲೋ, ಬರುವ ವರ್ಷಕ್ಕೋ? ಮುಂದಿನ ಕಂತಿಗೆ ಎಫ್‌ಡಿ ಮುರಿಸಬೇಕೋ, ಅಷ್ಟರೊಳಗೆ ಬ್ಯಾಂಕಿನವರು ಹಣ ಬಿಡುತ್ತಾರೋ? ಸಾಲ ಮಾಡಿ ಮನೆ ಕಟ್ಟಿಸುವವರು ಕಟ್ಟಡ ಮುಗಿಯುವವರೆಗೆ ಇದ್ದ ಮನೆಗೆ ಬಾಡಿಗೆಯನ್ನೂ ಕಟ್ಟುತ್ತಾರೆ, ಬಿಡುಗಡೆಯಾದ ಸಾಲಕ್ಕೆ ಬಡ್ಡಿಯನ್ನೂ ಕಟ್ಟುತ್ತಾರೆ. ಕೆಲಸ ತಡವಾದ ಒಂದೊಂದು ತಿಂಗಳೂ ಅವರ ಸಂಬಳದಲ್ಲಿ ಕಾಣುತ್ತದೆ. ನೀನು "ಗೋಡೆ ಕೆಲಸ ನಡೀತಿದೆ ಸಾರ್" ಎಂದುಬಿಟ್ಟರೆ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಂತಾಗಲಿಲ್ಲ. ಅವರು ತಲೆಯಾಡಿಸಿ ಹೋಗುತ್ತಾರೆ, ರಾತ್ರಿ ಗಂಡ ಹೆಂಡತಿ ಕೂತು ತಮಗೆ ತೋಚಿದ ಲೆಕ್ಕ ಹಾಕಿಕೊಳ್ಳುತ್ತಾರೆ. ಆ ಲೆಕ್ಕ ತಪ್ಪಾದಾಗ ನೀನು ಕೊಟ್ಟ ಮಾತಿಗೆ ತಪ್ಪಿದೆ ಎಂದೇ ಅವರಿಗೆ ಅನ್ನಿಸುತ್ತದೆ, ನೀನು ಮಾತು ಕೊಟ್ಟೇ ಇರದಿದ್ದರೂ.

ನಿನ್ನ ಕ್ಯಾಲೆಂಡರು ಬೇರೆ, ಅವರ ಕ್ಯಾಲೆಂಡರು ಬೇರೆ. ಟೈಲ್ಸ್ ಕೆಲಸ ಹದಿನೈದು ದಿನ ಹಿಂದೆ ಬಿದ್ದರೆ ನಿನ್ನ ಲೆಕ್ಕದಲ್ಲಿ ಅದು ಹದಿನೈದು ದಿನವಷ್ಟೇ. ಆದರೆ ಅವರು ಜ್ಯೇಷ್ಠ ಮಾಸದ ಕೊನೆಯಲ್ಲಿ ಗೃಹಪ್ರವೇಶಕ್ಕೆ ಲಗ್ನ ಇಡಿಸಿದ್ದಾರೆ ಎಂದುಕೋ. ಆ ಹದಿನೈದು ದಿನ ದಾಟಿದರೆ ಆಷಾಢ ಬಂತು. ನಮ್ಮ ಕಡೆ ಆಷಾಢದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ, ಶ್ರಾವಣಕ್ಕೇ ಕಾಯಬೇಕು. ಡಿಸೆಂಬರ್ ಮಧ್ಯಕ್ಕೆ ಜಾರಿದರೆ ಧನುರ್ಮಾಸ, ಸಂಕ್ರಾಂತಿ ಕಳೆಯುವವರೆಗೆ ಮಾತೇ ಇಲ್ಲ. ನಿನಗೆ ಎರಡು ವಾರವಾದದ್ದು ಅವರಿಗೆ ತಿಂಗಳಿಗೂ ಹೆಚ್ಚಿನ ಬಾಡಿಗೆ, ಬಡ್ಡಿ, ಊರಿನಿಂದ ಬರಬೇಕಾದ ನೆಂಟರ ಟಿಕೆಟ್ಟು ಎಲ್ಲವೂ ಆಗಿಬಿಡುತ್ತದೆ. ಇದನ್ನೆಲ್ಲ ನೀನು ನಂಬುತ್ತೀಯೋ ಇಲ್ಲವೋ ಎನ್ನುವುದು ಇಲ್ಲಿ ಪ್ರಶ್ನೆಯಲ್ಲ. ಕೆಲಸ ಒಪ್ಪಿಕೊಳ್ಳುವ ದಿನವೇ ಕೇಳಿ ಬರೆದುಕೋ: ಬಾಡಿಗೆ ಕರಾರು ಯಾವ ತಿಂಗಳಿಗೆ ಮುಗಿಯುತ್ತದೆ, ಶಾಲೆ ಯಾವಾಗ, ಮನೆಯಲ್ಲಿ ಹೆರಿಗೆ, ಮದುವೆ, ನಿವೃತ್ತಿ ಏನಾದರೂ ಇದೆಯೇ, ಯಾವ ಮಾಸ ಅವರಿಗೆ ಆಗದು. ನಿನ್ನ ಕೆಲಸದ ಪಟ್ಟಿಯ ಪಕ್ಕದಲ್ಲೇ ಈ ತಾರೀಖುಗಳೂ ಇರಬೇಕು. ಆಗ ಯಾವ ತಡ ಹೇಳಲೇಬೇಕಾದ್ದು, ಯಾವುದನ್ನು ಮುಂದಿನ ವಾರ ಸರಿದೂಗಿಸಬಹುದು ಎಂದು ನಿನಗೇ ಗೊತ್ತಾಗುತ್ತದೆ.

ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಕೇಳುವ ಉತ್ತರ ಒಂದಿದೆ: "ಇನ್ನೆರಡು ದಿನ ಸಾರ್." ಸೆಂಟ್ರಿಂಗ್ ಮೇಸ್ತ್ರಿ ಹೇಳುತ್ತಾನೆ, ಬಡಗಿ ಹೇಳುತ್ತಾನೆ, ಪೇಂಟರು ಹೇಳುತ್ತಾನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗಿರುವವರ ಮುಖ ಬಾಡಬಾರದು ಎಂಬ ಮರ್ಯಾದೆಯೂ ಆ ಮಾತಿನಲ್ಲಿದೆ. ಆದರೆ ಎಂಜಿನಿಯರ್ ಎನಿಸಿಕೊಂಡ ನಿನ್ನ ಬಾಯಿಂದ ಅದು ಬರಬಾರದು. "ಆಗ್ತಾ ಇದೆ", "ಬಹುತೇಕ ಮುಗೀತು", "ಸ್ವಲ್ಪ ಬಾಕಿ" ಇವನ್ನೂ ಬಿಡು. ಮುಗಿದದ್ದನ್ನು ಹೊಗಳುವುದಕ್ಕಿಂತ ಉಳಿದದ್ದನ್ನು ಹೆಸರು ಹಿಡಿದು ಹೇಳು. "ಗಿಲಾವು ಬಹುತೇಕ ಆಯ್ತು" ಎನ್ನುವ ಬದಲು "ಒಳಗಿನ ಗಿಲಾವಿನಲ್ಲಿ ಮೆಟ್ಟಿಲ ಕೆಳಗಿನ ಗೋಡೆಯೂ ಮೇಲಿನ ಬಾತ್‌ರೂಮೂ ಬಾಕಿ, ಹೊರಗಿನದು ಇನ್ನೂ ಶುರುವಾಗಿಲ್ಲ" ಎಂದು ಹೇಳಿ ನೋಡು. ಕೇಳಿದವರಿಗೆ ಮನೆಯೊಳಗೆ ಓಡಾಡಿದಷ್ಟು ಸ್ಪಷ್ಟವಾಗುತ್ತದೆ. ಅವರೇ ಬಂದು ಕಣ್ಣಾರೆ ನೋಡಿ ಹೌದೋ ಅಲ್ಲವೋ ಎಂದು ತಾಳೆ ನೋಡಬಹುದಾದ ಮಾತು ಅದು. ತಾಳೆ ನೋಡಲಾಗದ ಮಾತಿನ ಮೇಲೆ ಯಾರೂ ಬಹಳ ಕಾಲ ನಂಬಿಕೆ ಇಡುವುದಿಲ್ಲ.

ಶೇಕಡಾ ಲೆಕ್ಕ ಹೇಳುವಾಗ ಇನ್ನೂ ಎಚ್ಚರ ಬೇಕು. ಪಾಯ, ಪ್ಲಿಂತ್, ಗೋಡೆ, ಲಿಂಟಲ್ ಎಲ್ಲ ದಾಟಿ ಕೊನೆಯ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟು, ಬಿದ್ದ ದಿನ ಎಲ್ಲರಿಗೂ ಸಂಭ್ರಮ. ಕೆಲಸದವರಿಗೆ ಊಟ, ಸಿಹಿ. ಮನೆಯ ಆಕಾರ ಬೀದಿಯಲ್ಲಿ ಹೋಗುವವರಿಗೂ ಕಾಣುತ್ತಿರುತ್ತದೆ. ಮಾಲೀಕರು ನಗುತ್ತಾ "ಮುಕ್ಕಾಲು ಪಾಲು ಆಯ್ತಲ್ಲಮ್ಮಾ" ಎನ್ನುತ್ತಾರೆ. ಆ ಖುಷಿಯ ಹೊತ್ತಿನಲ್ಲಿ ಹೌದು ಎಂದು ತಲೆಯಾಡಿಸುವುದು ಬಹಳ ಸುಲಭ. ತಲೆಯಾಡಿಸಬೇಡ. ಇನ್ನು ಬರುವ ಗಿಲಾವು, ವೈರಿಂಗು, ನಲ್ಲಿ ಕೆಲಸ, ಟೈಲ್ಸು, ಗ್ರಾನೈಟು, ಬಾಗಿಲು ಕಿಟಕಿ, ಪುಟ್ಟಿ, ಬಣ್ಣ ಇವಕ್ಕೆ ಇಲ್ಲಿಯವರೆಗೆ ಹಿಡಿದಷ್ಟೇ ಕಾಲ ಹಿಡಿದರೂ ಆಶ್ಚರ್ಯವಿಲ್ಲ. ಹಣವಂತೂ ಅವರು ಎಣಿಸಿದ್ದಕ್ಕಿಂತ ಹೆಚ್ಚು ಹೋಗುವುದು ಇಲ್ಲೇ, ಏಕೆಂದರೆ ಆಯ್ಕೆಗಳು ಶುರುವಾಗುವುದು ಇಲ್ಲಿ. ಮೋಲ್ಡ್ ಬಿದ್ದ ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮಾಲೀಕರನ್ನೂ ಮನೆಯವರನ್ನೂ ಕೂರಿಸಿ ಮುಂದಿನ ಕೆಲಸಗಳ ಸರದಿಯನ್ನು ವಿವರಿಸು. ಇದುವರೆಗೆ ಮನೆ ಬೆಳೆಯುವುದು ಕಾಣುತ್ತಿತ್ತು, ಇನ್ನು ಮೇಲೆ ವಾರಗಟ್ಟಲೆ ದೂರದಿಂದ ಏನೂ ಬದಲಾದಂತೆ ಕಾಣುವುದಿಲ್ಲ ಎಂದು ಮೊದಲೇ ಹೇಳು. ಆ ದಿನ ಹೇಳಿದರೆ ಅದು ತಿಳಿವಳಿಕೆ. ಎರಡು ತಿಂಗಳು ಬಿಟ್ಟು ಹೇಳಿದರೆ ಅವರಿಗೆ ಅದು ನೆಪವಾಗಿ ಕೇಳುತ್ತದೆ.

ಮೋಲ್ಡ್ ಆದ ತಕ್ಷಣದ ದಿನಗಳೂ ಹಾಗೆಯೇ. ಸೈಟು ಬಿಕೋ ಎನ್ನುತ್ತಿರುತ್ತದೆ. ನೀರು ಹಾಕುವ ಒಬ್ಬನನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅಕ್ಕಪಕ್ಕದವರು ಮಾಲೀಕರಿಗೆ ಫೋನ್ ಮಾಡಿ "ನಿಮ್ಮ ಕಂಟ್ರಾಕ್ಟರ್ ಕೆಲಸ ನಿಲ್ಲಿಸಿದ ಹಾಗಿದೆ" ಎಂದು ಕಿವಿ ಊದುವುದು ಆಗಲೇ. ಐಎಸ್ 456 ಎಂಬ 2000ನೇ ಇಸವಿಯ ಭಾರತೀಯ ಮಾನಕ ಕಾಂಕ್ರೀಟು ಗಟ್ಟಿಯಾಗಲು ಕಾಯಬೇಕಾದ ಈ ದಿನಗಳ ಬಗ್ಗೆ ಏನು ಹೇಳುತ್ತದೆ ಎಂಬುದು ನಿನಗೆ ಬಾಯಿಪಾಠ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟು ಒದ್ದೆಯಾಗಿರಬೇಕು. ನಾಲ್ಕೂವರೆ ಮೀಟರಿಗಿಂತ ಅಗಲದ ಕೋಣೆಯ ಮೋಲ್ಡಿನ ಕೆಳಗಿನ ಊರುಗೋಲನ್ನು 14 ದಿನಕ್ಕೆ ಮುಂಚೆ ತೆಗೆಯಬಾರದು. ಆರು ಮೀಟರಿಗಿಂತ ಉದ್ದದ ಬೀಮಾದರೆ 21 ದಿನ. ಇದು ಮಾಲೀಕರಿಗೆ ಗೊತ್ತಿರಬೇಕು ಎಂದು ನಿರೀಕ್ಷಿಸಬೇಡ. ಅವರ ಮನೆಯ ಹಿರಿಯ ಹೆಂಗಸರು ಕೇಳಿದರೆ "ಹೆಪ್ಪು ಹಾಕಿದ ಪಾತ್ರೆಯನ್ನು ಯಾರಾದರೂ ಅಲ್ಲಾಡಿಸುತ್ತಾರಾ ಅಮ್ಮ?" ಎಂದು ಕೇಳು, ಅಷ್ಟು ಸಾಕು, ಅವರೇ ಉಳಿದವರಿಗೆ ಹೇಳುತ್ತಾರೆ. ಮುಖ್ಯವಾದದ್ದು ಏನೆಂದರೆ, ಸೈಟು ಖಾಲಿಯಾಗುವ ಮುಂಚೆ ಹೇಳು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಆಳುಗಳು ಕಾಣುವುದಿಲ್ಲ, ಆಗ ಏನು ನಡೆಯುತ್ತಿರುತ್ತದೆ, ಮತ್ತೆ ಯಾವ ದಿನ ಗಲಾಟೆ ಶುರುವಾಗುತ್ತದೆ ಎಂಬುದನ್ನು. ಉಗಾದಿಗೆ ರಾಯಚೂರು, ಯಾದಗಿರಿ ಕಡೆಯ ಕೆಲಸದವರು ಊರಿಗೆ ಹೋಗುತ್ತಾರೆ, ಬಿಹಾರದವರು ಛಠ್ ಹಬ್ಬಕ್ಕೆ ಹೋಗುತ್ತಾರೆ. ಮೈಸೂರಿಗೆ ಮುಂಗಾರಿಗೂ ಮೊದಲು ಮೇ ತಿಂಗಳಲ್ಲೇ ಜೋರು ಮಳೆ, ಮತ್ತೆ ಅಕ್ಟೋಬರಿನಲ್ಲಿ. ಇವೆಲ್ಲ ವರ್ಷಕ್ಕೆ ಮುಂಚೆಯೇ ಗೊತ್ತಿರುವ ಸಂಗತಿಗಳು. ಗೊತ್ತಿದ್ದದ್ದನ್ನು ಪಟ್ಟಿಯಲ್ಲಿ ಸೇರಿಸದೆ, ಬಂದಾಗ ಕಾರಣವಾಗಿ ಹೇಳುವುದು ನ್ಯಾಯವಲ್ಲ.

ಇನ್ನು ರೂಢಿಯ ಮಾತು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಬರೆದು ಕಳಿಸು. ಶನಿವಾರ ಬಟವಾಡೆ ಮುಗಿದ ಮೇಲೆ ಒಳ್ಳೆಯದು; ವಾರದ ಲೆಕ್ಕ ಕೈಯಲ್ಲೇ ಇರುತ್ತದೆ, ಮಾಲೀಕರಿಗೆ ಭಾನುವಾರ ಓದಲು, ಬಂದು ನೋಡಲು ಬಿಡುವಿರುತ್ತದೆ. ಉದ್ದ ಬೇಡ. ಹೀಗಿರಲಿ:

"ನಮಸ್ಕಾರ ಸಾರ್. ಈ ವಾರ ಮೇಲಿನ ಮಹಡಿಯ ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ಮೆಟ್ಟಿಲ ಪಕ್ಕದ ಗೋಡೆ ಮಾತ್ರ ಬಾಕಿ. ಬುಧವಾರ ಮಳೆಗೆ ಕೆಲಸ ನಿಂತಿತ್ತು, ಸೋಮವಾರ ಅದು ಮುಗಿಯುತ್ತದೆ. ಮುಂದಿನ ವಾರ ಲಿಂಟಲ್ ಕಾಂಕ್ರೀಟು. ಆಮೇಲೆ ಸೆಂಟ್ರಿಂಗ್. ಮೋಲ್ಡ್ 18ರಿಂದ 22ರ ಒಳಗೆ. ನಿಮ್ಮಿಂದ ಒಂದು ತೀರ್ಮಾನ ಬೇಕು: ಹಾಲ್‌ನಲ್ಲಿ ಫ್ಯಾನು ಒಂದೋ ಎರಡೋ, 12ನೇ ತಾರೀಖಿನೊಳಗೆ ತಿಳಿಸಿ. ಮೋಲ್ಡ್ ಬಿದ್ದ ಮೇಲೆ ಫ್ಯಾನ್ ಬಾಕ್ಸ್ ಇಡಲು ಬರುವುದಿಲ್ಲ. ಮುಂದಿನ ಕಂತು ಮೋಲ್ಡ್ ಆದ ಮೇಲೆ. ಗೃಹಪ್ರವೇಶದ ಅಂದಾಜು ಬದಲಾಗಿಲ್ಲ, ಫೆಬ್ರವರಿಯಿಂದ ಏಪ್ರಿಲ್ ಒಳಗೇ."

ಇಷ್ಟರಲ್ಲಿ ಎಲ್ಲವೂ ಬಂತು ನೋಡು. ಕೊನೆಯ ಸಾಲನ್ನು ಮಾತ್ರ ಯಾವ ವಾರವೂ ಬಿಡಬೇಡ. ಬದಲಾಗಿಲ್ಲದಿದ್ದರೂ ಬದಲಾಗಿಲ್ಲ ಎಂದು ಬರೆ. ಅದೇ ಸಾಲನ್ನು ನೋಡಲು ಅವರು ಸಂದೇಶ ತೆರೆಯುತ್ತಾರೆ. ತಾರೀಖನ್ನೂ ಶುರುವಿನಲ್ಲೇ ಒಂದೇ ದಿನಕ್ಕೆ ಬಿಗಿದು ಹೇಳಬೇಡ. ಪಾಯ ತೋಡುವಾಗ "ಫೆಬ್ರವರಿಯಿಂದ ಏಪ್ರಿಲ್‌ ಒಳಗೆ", ಮೋಲ್ಡ್ ಆದ ಮೇಲೆ "ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ", ನೆಲದ ಟೈಲ್ಸ್ ಮುಗಿದಾಗ ಒಂದು ವಾರದ ಅಂತರಕ್ಕೆ ತಾ. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡಲು ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಕೊಡಬೇಡಿ ಎಂದು ಮಾಲೀಕರಿಗೆ ಮೊದಲೇ ತಿಳಿಸು. ನೀರಿನ, ಕರೆಂಟಿನ ಸಂಪರ್ಕದ ಕಾಗದಪತ್ರ ಎಲ್ಲಿಗೆ ಬಂತು ಎಂಬುದೂ ಆ ಸಂದೇಶದಲ್ಲಿರಲಿ. ಮನೆ ಸಿದ್ಧವಾಗಿ ಮೀಟರು ಬಾರದೆ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಫೋಟೊ ಕಳಿಸುವ ಚಟ ಈಗ ಎಲ್ಲರಿಗೂ ಇದೆ. ದಿನಕ್ಕೆ ನಲವತ್ತು ಫೋಟೊ ಗುಂಪಿಗೆ ಸುರಿದರೆ ಕೆಲಸ ತೋರಿಸಿದಂತಾಗುವುದಿಲ್ಲ. ಯಾವ ಗೋಡೆ, ಯಾವ ಕೋಣೆ ಎಂದೇ ಅವರಿಗೆ ತಿಳಿಯುವುದಿಲ್ಲ. ಮನೆಯ ಸುತ್ತ ನಾಲ್ಕು ಜಾಗ ಗೊತ್ತುಮಾಡಿಕೊಂಡು ಪ್ರತಿ ಶನಿವಾರ ಅದೇ ನಾಲ್ಕು ಜಾಗದಲ್ಲಿ ನಿಂತು ತೆಗೆ. ಹೋದ ವಾರದ್ದನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟರೆ ಆದ ಕೆಲಸ ತಾನೇ ಕಾಣುತ್ತದೆ. ಕೆಲಸ ಆಗದಿದ್ದರೆ ಅದೂ ಕಾಣುತ್ತದೆ, ಕಾಣಲಿ.

ಮುಚ್ಚಿಹೋಗುವ ಕೆಲಸದ ಫೋಟೊ ಮಾತ್ರ ಎಷ್ಟಿದ್ದರೂ ಹೆಚ್ಚಲ್ಲ. ಇಲಾಖೆಯಲ್ಲಿ ನಮಗೆ ಮೆಷರ್‌ಮೆಂಟ್ ಬುಕ್ ಎಂಬುದೊಂದಿತ್ತು, ಎಲ್ಲರೂ ಎಂ.ಬಿ. ಎನ್ನುತ್ತಿದ್ದೆವು. ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತಿತ್ತು, ಹರಿಯುವಂತಿಲ್ಲ. ಶಾಯಿಯಲ್ಲೇ ಬರೆಯಬೇಕು, ತಪ್ಪಾದರೆ ಅಳಿಸುವಂತಿಲ್ಲ. ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಬೇಕು. ಮಣ್ಣಿನಲ್ಲೋ ಕಾಂಕ್ರೀಟಿನಲ್ಲೋ ಹುದುಗಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆದು ದಾಖಲಿಸಬೇಕು. ಬಿಲ್ಲು ಪಾಸಾಗುತ್ತಿದ್ದದ್ದು ಆ ಪುಸ್ತಕದ ಮೇಲೆ. ನಿನ್ನ ಮನೆ ಕೆಲಸಕ್ಕೆ ಅಂಥ ಪುಸ್ತಕ ಯಾರೂ ಕೇಳುವುದಿಲ್ಲ, ಆದರೂ ಅದರ ಶಿಸ್ತು ಇಟ್ಟುಕೋ. ಕಾಂಕ್ರೀಟು ಸುರಿಯುವ ಮುಂಚೆ ಕಂಬಿಯ ಮೇಲೆ ಟೇಪು ಇಟ್ಟು ಅಂತರ ಓದಲು ಬರುವಂತೆ ಫೋಟೊ ತೆಗೆ. ಗಿಲಾವಿಗೆ ಮುಂಚೆ ಗೋಡೆಯೊಳಗಿನ ವೈರಿನ ಪೈಪು, ನೀರಿನ ಪೈಪು ಎಲ್ಲಿ ಹೋಗಿವೆ ಎಂಬುದನ್ನು ನೆಲದಿಂದ, ಮೂಲೆಯಿಂದ ಅಳತೆ ಕಾಣುವಂತೆ ತೆಗೆ. ಅವೆಲ್ಲ ಮಾಲೀಕರ ಕೈಯಲ್ಲೂ ಇರಲಿ. ಹಿಂದಿನ ವಾರ ಬರೆದದ್ದು ತಪ್ಪಾಗಿತ್ತು ಎಂದು ಗೊತ್ತಾದರೆ ಆ ಸಂದೇಶ ಅಳಿಸಬೇಡ. ಹೋದ ವಾರ ಹೀಗೆ ಬರೆದಿದ್ದೆ, ಸರಿಯಾದದ್ದು ಹೀಗೆ ಎಂದು ಹೊಸದಾಗಿ ಬರೆ.

ಯಾರಿಗೆ ಹೇಳಬೇಕು ಎಂಬುದು ಎಷ್ಟೋ ಸಲ ಏನು ಹೇಳಬೇಕು ಎಂಬುದಕ್ಕಿಂತ ತೊಡಕಿನ ವಿಷಯ. ಮನೆಯ ಮಾಲೀಕರು ಎಂದರೆ ಒಬ್ಬರಲ್ಲ. ಮಗ ಕ್ಯಾಲಿಫೋರ್ನಿಯಾದಲ್ಲೋ ದುಬೈಯಲ್ಲೋ ಇದ್ದು ಹಣ ಕಳಿಸುತ್ತಾನೆ. ತಂದೆ ಇಲ್ಲಿ ಕೊಡೆ ಹಿಡಿದುಕೊಂಡು ದಿನಾ ಸೈಟಿಗೆ ಬರುತ್ತಾರೆ. ಅಡುಗೆಮನೆ ಹೇಗಿರಬೇಕು ಎಂದು ನಿಜವಾಗಿ ತಿಳಿದಿರುವುದು ತಾಯಿಗೆ, ಅವರನ್ನು ಯಾರೂ ಕೇಳಿರುವುದಿಲ್ಲ. ನೀನು ತಂದೆಗೆ ಬಾಯಲ್ಲಿ ಒಂದು ಹೇಳುತ್ತೀಯ, ಮಗನಿಗೆ ಫೋಟೊದಲ್ಲಿ ಇನ್ನೊಂದು ಕಾಣುತ್ತದೆ, ರಾತ್ರಿ ಅವರಿಬ್ಬರೂ ಫೋನಿನಲ್ಲಿ ಮಾತಾಡಿದಾಗ ಎರಡೂ ಹೊಂದುವುದಿಲ್ಲ. ಆಮೇಲೆ ಮನೆಯೊಳಗಿನ ಜಗಳಕ್ಕೆ ನೀನು ಕಾರಣವಾಗುತ್ತೀಯ. ಎಲ್ಲರಿರುವ ಒಂದೇ ಗುಂಪಿಗೆ ಒಂದೇ ಮಾತು ಬರೆ. ಸೈಟಿನಲ್ಲಿ ತಂದೆಯವರು ಬಾಯಲ್ಲಿ ಹೇಳಿದ ಬದಲಾವಣೆಯನ್ನು ಅದೇ ಸಂಜೆ "ಇವತ್ತು ಅಪ್ಪಾಜಿ ಹೀಗೆ ಹೇಳಿದರು, ಹೀಗೆ ಮಾಡುತ್ತಿದ್ದೇವೆ" ಎಂದು ಗುಂಪಿಗೆ ಹಾಕು. ದೊಡ್ಡವರ ಮಾತಿಗೆ ಸಾಕ್ಷಿ ಕೇಳಿದಂತಾಗುತ್ತದೆ ಎಂಬ ಸಂಕೋಚ ಬೇಡ, ವಿನಯದಿಂದ ಬರೆದರೆ ಯಾರಿಗೂ ಬೇಸರವಾಗುವುದಿಲ್ಲ. ಕೊನೆಯ ಮಾತು ಯಾರದ್ದು ಎಂಬುದನ್ನು ಮಾತ್ರ ಕೆಲಸ ಶುರುವಾಗುವ ಮುಂಚೆ ಅವರ ಬಾಯಿಂದಲೇ ಕೇಳಿಕೋ.

ಬ್ಯಾಂಕಿನವರಿಗೆ ಬೇಕಾದದ್ದು ಬೇರೆ. ಅವರು ಸಾಲವನ್ನು ಹಂತ ಹಂತವಾಗಿ ಬಿಡುತ್ತಾರೆ, ಪ್ರತಿ ಹಂತಕ್ಕೂ ಎಂಜಿನಿಯರು ಬಂದು ನೋಡಿ ವರದಿ ಕೊಡಬೇಕು. ಅವರಿಗೆ ಗೃಹಪ್ರವೇಶದ ತಾರೀಖು ಬೇಡ, ಯಾವ ಹಂತ ಪೂರ್ತಿಯಾಗಿದೆ ಎಂಬ ಖಚಿತ ಉತ್ತರ ಬೇಕು. ಇಲ್ಲೊಂದು ಆಮಿಷ ಬರುತ್ತದೆ. ಮುಂದಿನ ಕಂತು ಬೇಗ ಸಿಗಲಿ ಎಂದು ಮುಗಿಯದ ಹಂತವನ್ನು ಮುಗಿದಿದೆ ಎಂದು ಬರೆದುಕೊಡಿ ಎಂದು ಮಾಲೀಕರೇ ಕೇಳಬಹುದು. ಒಪ್ಪಬೇಡ. ಒಂದು ಸಲ ಬ್ಯಾಂಕಿಗೆ ಸುಳ್ಳು ಬರೆದುಕೊಟ್ಟರೆ, ಇದೇ ಕೈ ನಮಗೂ ಹೀಗೇ ಬರೆಯುತ್ತದೆ ಎಂದು ಕೇಳಿಕೊಂಡ ಮಾಲೀಕರಿಗೇ ಗೊತ್ತಾಗಿಹೋಗುತ್ತದೆ.

ಫ್ಲಾಟು ಕಟ್ಟಿ ಮಾರುವವರಿಗೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಹೀಗೆ ತಿಳಿಸುವುದನ್ನು ಕಡ್ಡಾಯ ಮಾಡಿದೆ. ನೋಂದಣಿಯಾದ ಯೋಜನೆಯ ಕೆಲಸ ಎಲ್ಲಿಗೆ ಬಂತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು. ಕೊಂಡವರು ಕೊಟ್ಟ ಹಣದಲ್ಲಿ ಶೇ 70ರಷ್ಟು ಬೇರೆ ಖಾತೆಯಲ್ಲಿರಬೇಕು. ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಇಷ್ಟು ಕೆಲಸ ಆಗಿದೆ ಎಂದು ದೃಢಪಡಿಸಿದಷ್ಟಕ್ಕೆ ಮಾತ್ರ ಅದನ್ನು ತೆಗೆಯಬಹುದು. ಕಾನೂನು ಇಷ್ಟು ಬಿಗಿ ಮಾಡಬೇಕಾಗಿ ಬಂದದ್ದು ಏಕೆ? ಹಣ ಕಟ್ಟಿ, ತಮ್ಮ ಮನೆ ಎಲ್ಲಿಗೆ ಬಂತು ಎಂದು ವರ್ಷಗಟ್ಟಲೆ ತಿಳಿಯದೆ ಕಾದ ಕುಟುಂಬಗಳು ಅಷ್ಟಿದ್ದವು. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ ಕಟ್ಟಿಕೊಡುವ ನಿನ್ನ ಮೇಲೆ ಆ ಕಾವಲಿಲ್ಲ. ನಿನ್ನ ಮಾಲೀಕರಿಗೆ ಇರುವುದು ನಿನ್ನ ಮಾತೊಂದೇ.

ಬದಲಾವಣೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. "ಇಲ್ಲೊಂದು ಕಿಟಕಿ ಇದ್ದಿದ್ದರೆ ಚೆನ್ನಾಗಿತ್ತು" ಎಂದು ಮಾಲೀಕರು ಹೇಳುತ್ತಾರೆ. ನೀನು ಒಳ್ಳೆಯ ಮನಸ್ಸಿನಿಂದ "ಮಾಡೋಣ ಬಿಡಿ" ಎನ್ನುತ್ತೀಯ. ಆರು ತಿಂಗಳಾದ ಮೇಲೆ ಕೊನೆಯ ಬಿಲ್ಲಿನಲ್ಲಿ ಅದು ಎಕ್ಸ್‌ಟ್ರಾ ಐಟಂ ಆಗಿ ಬಂದಾಗ ಅವರಿಗೆ ಮೋಸವಾದಂತೆ ಅನ್ನಿಸುತ್ತದೆ. ಅದೇ ದಿನ ಮೂರು ಮಾತು ಬರೆ: ಏನು ಬದಲಾಗುತ್ತದೆ, ಎಷ್ಟು ಹಣ, ಎಷ್ಟು ದಿನ. ಹೂಂ ಎಂದು ಅವರು ಬರೆದ ಮೇಲೆಯೇ ಕೆಲಸದವರಿಗೆ ಹೇಳು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಮಾತಿಗೆ ಬರುತ್ತೇನೆ. ಕೆಟ್ಟ ಸುದ್ದಿ.

ಮೈಸೂರಿನಲ್ಲಿ ನನಗೆ ಗೊತ್ತಿದ್ದ ಒಂದು ಕುಟುಂಬ ಕಂಟ್ರಾಕ್ಟರನ ಮಾತು ನಂಬಿ ಬಾಡಿಗೆ ಮನೆ ಬಿಟ್ಟಿತು. ಕಿಟಕಿಗಳು ಬಂದಿರಲಿಲ್ಲ, ಬರುವುದಿಲ್ಲ ಎಂದು ಅವನಿಗೆ ವಾರಗಳ ಹಿಂದೆಯೇ ಗೊತ್ತಿತ್ತು. ಹೇಗಾದರೂ ಆದೀತು, ಯಾಕೆ ಸುಮ್ಮನೆ ಗಾಬರಿಪಡಿಸಬೇಕು ಎಂದುಕೊಂಡಿದ್ದ. ಸಾಮಾನೆಲ್ಲ ಒಬ್ಬ ನೆಂಟರ ಗೋಡೌನಿನಲ್ಲಿ, ಮಕ್ಕಳು ಅಜ್ಜಿ ಮನೆಯಲ್ಲಿ, ಗಂಡ ಹೆಂಡತಿ ಇನ್ನೊಬ್ಬರ ಮನೆಯ ಹಾಲ್‌ನಲ್ಲಿ. ಕೆಲಸ ಕೊನೆಗೆ ಚೆನ್ನಾಗಿಯೇ ಆಯಿತು, ಇವತ್ತಿಗೂ ಆ ಮನೆಯಲ್ಲಿ ಒಂದು ಬಿರುಕಿಲ್ಲ. ಆದರೆ ಆ ಮನೆಯವರು ಅವನ ಹೆಸರನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ತಡವಾದದ್ದಕ್ಕಿಂತ, ಗೊತ್ತಿದ್ದೂ ಹೇಳಲಿಲ್ಲ ಎಂಬುದೇ ಅವರಿಗೆ ಹೆಚ್ಚು ನೋವು ಕೊಟ್ಟಿತು. ಮೂರು ವಾರ ಮುಂಚೆ ಹೇಳಿದ್ದರೆ ಬಾಡಿಗೆ ಮನೆಯವರ ಹತ್ತಿರ ಇನ್ನೊಂದು ತಿಂಗಳು ಕೇಳಿಕೊಳ್ಳುತ್ತಿದ್ದರು, ಅಷ್ಟೇ ಆಗುತ್ತಿತ್ತು.

ಇದು ಸಣ್ಣ ಕಂಟ್ರಾಕ್ಟರುಗಳ ಕಥೆ ಎಂದುಕೊಳ್ಳಬೇಡ. ಜರ್ಮನಿಯ ರಾಜಧಾನಿ ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣ 2012ರ ಜೂನ್ 3ರಂದು ತೆರೆಯಬೇಕಿತ್ತು. ಒಂದು ತಿಂಗಳೂ ಇಲ್ಲ ಎನ್ನುವಾಗ ಮುಂದೂಡಿದರು; ಬೆಂಕಿ ಬಿದ್ದರೆ ಹೊಗೆಯನ್ನು ಹೊರಹಾಕುವ ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಅಷ್ಟು ಹೊತ್ತಿಗೆ ವಿಮಾನ ಕಂಪನಿಗಳೂ, ಅಂಗಡಿ ಹಿಡಿದವರೂ ಹೊಸ ಜಾಗಕ್ಕೆ ಹೋಗಲು ಗಂಟುಮೂಟೆ ಕಟ್ಟಿದ್ದರು. ಅಂಥ ವ್ಯವಸ್ಥೆ ನಾಲ್ಕು ವಾರದಲ್ಲಿ ಕೆಡುವಂಥದ್ದಲ್ಲ, ಸೈಟಿನಲ್ಲಿ ದುಡಿಯುವವರಿಗೆ ಅದು ಎಂದೋ ಕಂಡಿರುತ್ತದೆ. ನಿಲ್ದಾಣ ಕೊನೆಗೆ ತೆರೆದದ್ದು 2020ರ ಅಕ್ಟೋಬರ್ 31ರಂದು. ಎಂಜಿನಿಯರಿಂಗಿಗೆ ಹೆಸರಾದ ದೇಶದಲ್ಲೂ ಹೀಗಾಗಿದ್ದರೆ, ಇದಕ್ಕೆ ಜಾಣತನದ ಕೊರತೆಯೊಂದೇ ಕಾರಣ ಎನ್ನಲಾಗದು. ಮೇಲಿನವರ ಎದುರು ಆಗಲ್ಲ ಎಂದು ಹೇಳುವುದು ಎಲ್ಲ ದೇಶದವರಿಗೂ ಕಷ್ಟ.

ಆದ್ದರಿಂದ ಇದನ್ನು ಅಳತೆಗೋಲಾಗಿ ಇಟ್ಟುಕೋ: ಕೇಳಿದವರು ಇನ್ನೂ ಏನಾದರೂ ಮಾಡಲು ಸಾಧ್ಯವಿರುವಾಗ ಸುದ್ದಿ ಅವರಿಗೆ ಮುಟ್ಟಬೇಕು. ಅನುಮಾನ ಬಂದ ದಿನವೇ ಹೇಳು, ಖಚಿತವಾಗುವವರೆಗೆ ಕಾಯಬೇಡ. "ಕಿಟಕಿ ಅಂಗಡಿಯವರು ಒಂದು ವಾರ ತಡ ಎನ್ನುತ್ತಿದ್ದಾರೆ, ನನಗೆ ಎರಡು ವಾರ ಆಗಬಹುದು ಅನ್ನಿಸುತ್ತಿದೆ, ಗುರುವಾರ ಖುದ್ದಾಗಿ ಹೋಗಿ ನೋಡಿ ಹೇಳುತ್ತೇನೆ" ಎಂದರೆ ಸಾಕು. ಹಾಗೆ ಹೇಳಿದ ಮೇಲೆ ಗುರುವಾರ ತಪ್ಪದೆ ಹೇಳು, ಹೊಸದೇನೂ ತಿಳಿಯದಿದ್ದರೂ. ಇಂಥ ಸುದ್ದಿಯನ್ನು ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪಿನಲ್ಲಿ ಹಾಕಿ ಫೋನ್ ಆರಿಸಿ ಮಲಗಬೇಡ. ಹೋಗಿ ಎದುರಿಗೆ ಕೂತು ಹೇಳು, ಆಗದಿದ್ದರೆ ಫೋನಿನಲ್ಲಿ ಹೇಳು. ಬರಹ ಆಮೇಲೆ. ಏನಾಯಿತು, ಅದರಿಂದ ನಿಮ್ಮ ತಾರೀಖಿಗೂ ಹಣಕ್ಕೂ ಏನಾಗುತ್ತದೆ, ನಾನು ಏನು ಮಾಡುತ್ತಿದ್ದೇನೆ, ನಿಮ್ಮಿಂದ ಏನು ಬೇಕು. ಈ ಸರದಿಯಲ್ಲಿ ಹೇಳಿದರೆ ಎದುರಿಗಿರುವವರು ಸಿಟ್ಟಾದರೂ ಕೇಳಿಸಿಕೊಳ್ಳುತ್ತಾರೆ. ಅವರು ರೇಗಿದರೆ ರೇಗಲಿ, ನಡುವೆ ಬಾಯಿ ಹಾಕಬೇಡ. ಅದು ಅವರ ದುಡಿಮೆಯ ಹಣ. ಮಾಲೀಕರ ಎದುರು ಮೇಸ್ತ್ರಿಯ ಮೇಲೆ ತಪ್ಪು ಹೊರಿಸಬೇಡ, ಕೆಲಸ ಒಪ್ಪಿಕೊಂಡದ್ದು ನೀನು. ಹುಡುಗಿ ಎಂದು ಕೆಲವರು ನಿನ್ನ ಮಾತನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದು ನನಗೂ ಗೊತ್ತು, ಅದಕ್ಕೆ ನನಗೆ ದುಃಖವೂ ಇದೆ. ಹೇಳಿದ ದಿನ ಹೇಳಿದ ಹಾಗೆ ನಡೆದುಕೊಂಡು ಬಂದರೆ ನಾಲ್ಕನೆಯ ಶನಿವಾರದ ಹೊತ್ತಿಗೆ ಅವರೇ ತಮ್ಮ ಅಕ್ಕಪಕ್ಕದವರಿಗೆ "ಆ ಹುಡುಗಿ ಹೇಳಿದರೆ ಆಯ್ತು" ಎನ್ನಲು ಶುರು ಮಾಡುತ್ತಾರೆ.

ಹಣದ ಮಾತು ಒಂದು ಬಾಕಿ. ದುಡ್ಡು ಬೇಕಾದಾಗ ಮಾತ್ರ ಫೋನ್ ಮಾಡುವವಳಾಗಬೇಡ. ನಿನ್ನ ಹೆಸರು ಫೋನಿನಲ್ಲಿ ಕಂಡ ಕೂಡಲೇ "ಮತ್ತೆ ಕಂತಿಗೇ ಇರಬೇಕು" ಎನಿಸಿದರೆ ನೀನು ಹೇಳುವ ಒಳ್ಳೆಯ ಸುದ್ದಿಯೂ ಅವರಿಗೆ ಹಣ ಕೇಳುವ ಪೀಠಿಕೆಯಾಗಿ ಕೇಳುತ್ತದೆ. ಮುಂದಿನ ಎರಡು ಕಂತು ಯಾವ ಕೆಲಸ ಮುಗಿದಾಗ, ಸುಮಾರು ಯಾವ ವಾರ ಎಂದು ಸದಾ ಅವರ ಕೈಯಲ್ಲಿರಲಿ. ಎಂ-ಸ್ಯಾಂಡ್, ಕಂಬಿ, ಸಿಮೆಂಟಿನ ಬೆಲೆ ಏರಿ ಎಸ್ಟಿಮೇಟು ಮೀರುವಂತಿದ್ದರೆ, ಕೊಂಡು ತಂದ ಮೇಲೆ ಹೇಳಬೇಡ, ಕೊಳ್ಳುವ ಮುಂಚೆ ಹೇಳು. ಅವರು ಬೇರೆ ಕಂಪನಿಯದ್ದನ್ನು ಒಪ್ಪಬಹುದು, ಕಾಂಪೌಂಡು ಗೋಡೆಯನ್ನು ಮುಂದಕ್ಕೆ ಹಾಕಬಹುದು. ಆರಿಸಿಕೊಳ್ಳುವ ಅವಕಾಶ ಅವರದ್ದು, ಅದನ್ನು ನೀನು ಕಸಿದುಕೊಳ್ಳಬಾರದು.

ಮನೆ ಒಪ್ಪಿಸುವ ದಿನ ಯಾವ ಮನೆಯೂ ಪೂರ್ತಿ ಮುಗಿದಿರುವುದಿಲ್ಲ. ಒಂದು ಬಾಗಿಲು ಮಳೆಗೆ ಉಬ್ಬಿರುತ್ತದೆ, ಒಂದು ನಲ್ಲಿ ತೊಟ್ಟಿಕ್ಕುತ್ತಿರುತ್ತದೆ, ಗೇಟಿಗೆ ಎರಡನೇ ಸುತ್ತಿನ ಬಣ್ಣ ಬಾಕಿ. ಮಾಲೀಕರ ಜೊತೆ ಕೋಣೆ ಕೋಣೆಗೂ ಹೋಗಿ ಅದನ್ನೆಲ್ಲ ಪಟ್ಟಿ ಮಾಡು, ಪ್ರತಿಯೊಂದರ ಎದುರು ತಾರೀಖು ಬರೆ, ಒಂದು ಪ್ರತಿ ಅವರಿಗೆ ಕೊಡು. ಪೈಪುಗಳ ಆ ಫೋಟೊಗಳನ್ನು, ಮೋಟರು, ಟ್ಯಾಂಕು, ಸ್ವಿಚ್ಚುಗಳ ಗ್ಯಾರಂಟಿ ಕಾರ್ಡುಗಳನ್ನು, ವೈರಿಂಗ್ ಮಾಡಿದವನ ಮತ್ತು ಪ್ಲಂಬರಿನ ನಂಬರನ್ನು ಒಂದು ಫೈಲಿಗೆ ಹಾಕಿ ಒಪ್ಪಿಸು. ಗೃಹಪ್ರವೇಶದ ಊಟವಾದ ಮೇಲೆ ಫೋನೆತ್ತದ ಕಂಟ್ರಾಕ್ಟರುಗಳ ಬಗ್ಗೆ ಊರ ತುಂಬ ಮಾತಿದೆ. ನಿನ್ನ ಶನಿವಾರದ ಸಂದೇಶ ಗೃಹಪ್ರವೇಶದ ಮರುವಾರವೂ ಹೋಗಬೇಕು, ಆ ಪಟ್ಟಿಯಲ್ಲಿ ಕೊನೆಯ ನಲ್ಲಿ ತೊಟ್ಟಿಕ್ಕುವುದು ನಿಲ್ಲುವವರೆಗೂ ಹೋಗಬೇಕು.

ನಿನ್ನ ದೊಡ್ಡಪ್ಪ